ಬಣಕಲ್‌ಗೆ ಬಂದು ಮಾತು ಬಿಟ್ಟ ಮಗಳು

ಬಣಕಲ್‌ಗೆ ಬಂದಿಳಿದ ಸಂಜೆ ನಮಗೆ ಸಿಕ್ಕ ಸ್ವಾಗತ, ಬಾಯಿ ಮುಚ್ಚಿ ಎಂಬ ಸನ್ನೆ. ಲಾರಿಯಿಂದ ಸಾಮಾನು ಇಳಿಸುತ್ತ ನಾನು ನಮ್ಮೂರಿನ ಗಂಟಲಿನಲ್ಲೇ ಡ್ರೈವರನನ್ನು ಕೂಗುತ್ತಿದ್ದೆ. ಮನೆಯ ಮಾಲೀಕರಾದ ರುದ್ರಮ್ಮನವರು ಪಕ್ಕದ ತಮ್ಮ ಕಿರಾಣಿ ಅಂಗಡಿಯಿಂದ ಓಡಿಬಂದು ತುಟಿಯ ಮೇಲೆ ಬೆರಳಿಟ್ಟರು.

“ಮೆಲ್ಲ ಮಾತಾಡಿ ಮಾರಾಯ್ರೆ. ಹಿಂದಿನ ತೋಟದಲ್ಲಿ ಆನೆ ನಿಂತಿದೆ.”

ಹೊಸಬರನ್ನು ಹೆದರಿಸುತ್ತಿದ್ದಾರೆ ಎಂದುಕೊಂಡೆ. ಅವರು ಮೊಬೈಲ್ ತೋರಿಸಿದರು. ಊರಿನ ವಾಟ್ಸಾಪ್ ಗುಂಪಿನಲ್ಲಿ ಯಾವ ಎಸ್ಟೇಟಿನ ಯಾವ ಮೂಲೆಯಲ್ಲಿ ಆನೆ ಇದೆ ಎಂದು ಯಾರೋ ಬರೆದಿದ್ದರು. ನಮ್ಮ ಕಡೆ ನಳಕ್ಕೆ ನೀರು ಬಿಡುವ ಹೊತ್ತನ್ನು ಹೀಗೆ ತಿಳಿಸುತ್ತಾರೆ. ಹೆಂಡತಿ ಕಸ್ತೂರಿ ಮಗಳನ್ನು ಎಳೆದುಕೊಂಡು ಒಳಗೆ ಓಡಿದಳು. ನಾನು ಪಾತ್ರೆಗಳ ಚೀಲವನ್ನು ಸದ್ದಾಗದಂತೆ ಅಪ್ಪಿಕೊಂಡು, ನಾನೇ ಬಾಡಿಗೆಗೆ ಹಿಡಿದ ಮನೆಯನ್ನು ಕಳ್ಳನ ಹಾಗೆ ಹೊಕ್ಕೆ.

ನಾನು ಸಿಂದಗಿ ಕಡೆಯವನು, ಕರೆಂಟ್ ಕಂಬ ಹತ್ತುವ ಲೈನ್‌ಮನ್, ಕೆಲಸದ ಮೇಲೆ ಇಲ್ಲಿಗೆ ಬಂದವನು. ನಮ್ಮಲ್ಲಿ ಕಂಬ ಹತ್ತಿದರೆ ನಾಲ್ಕು ಊರು ಕಾಣುತ್ತವೆ. ಇಲ್ಲಿ ಕಂಬದ ಮೇಲೂ ಮರದ ಕೆಳಗೇ ಇರುತ್ತೇನೆ. ಮಳೆಗಾಲದಲ್ಲಿ ದಿನಕ್ಕೊಂದು ಮರ ತಂತಿಯ ಮೇಲೆ ಬೀಳುತ್ತದೆ, ಊರಿಗೆಲ್ಲ ನನ್ನ ಫೋನ್ ನಂಬರೇ ಬೇಕು. ಊರಿಂದ ತಂದ ಜೋಳದ ಹಿಟ್ಟು ತಿಂಗಳೊಳಗೆ ಮುಗ್ಗಿತು. ಕಸ್ತೂರಿ ಅಕ್ಕಿ ಕಡುಬು ಕಲಿತಳು, ನಾನು ಮುಖ ಗಂಟಿಕ್ಕಿಕೊಂಡು ತಿಂದೆ. ಅಂಗಿ ಒಣಗದಿದ್ದರೂ, ರೊಟ್ಟಿ ಸಿಗದಿದ್ದರೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಬೇರೆಯೇ ಇತ್ತು: ಮಗಳು ಮಾತು ನಿಲ್ಲಿಸಿದಳು.

ರೇಣುಕಾ ನಾಲ್ಕನೇ ಕ್ಲಾಸು. ಊರಲ್ಲಿ ಓಣಿಯ ಆ ತುದಿಯಲ್ಲಿ ನಿಂತು ಈ ತುದಿಯ ಅಜ್ಜಿಯನ್ನು ಕರೆಯುತ್ತಿದ್ದ ಹುಡುಗಿ. ಇಲ್ಲಿ ಶಾಲೆಗೆ ಸೇರಿದ ವಾರದಲ್ಲೇ ಅವಳು ಹಾಜರಿಗೆ “ಬಂದೀನ್ರಿ” ಅಂದಳಂತೆ. ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ. ರುದ್ರಮ್ಮನವರ ಮೊಮ್ಮಗ ಸೃಜನ್ ಅದೇ ಕ್ಲಾಸಿನವನು. ಮಿಮಿಕ್ರಿಯಲ್ಲಿ ಪಳಗಿದ ಹುಡುಗ, ಅಂಗಳದಲ್ಲೂ ಅವಳನ್ನು ಅಣಕಿಸದೆ ಬಿಡುತ್ತಿರಲಿಲ್ಲ. ರೇಣು ಶಾಲೆಯಲ್ಲಿ ಬಾಯಿ ಮುಚ್ಚಿದಳು, ಆಮೇಲೆ ಅಂಗಡಿಯಲ್ಲಿ, ಆಮೇಲೆ ಮನೆಯಲ್ಲಿ. ಏನು ಕೇಳಿದರೂ ತಲೆಯಾಡಿಸುವುದಷ್ಟೇ ಉತ್ತರವಾಯಿತು.

“ಮಾತಿನ ಮಲ್ಲಿ ಇದ್ದಾಕಿ ಮೂಕಿ ಆಗ್ಯಾಳರಿ,” ಎಂದು ಕಸ್ತೂರಿ ಒಂದು ದಿನ ಅತ್ತಳು. “ಹಿಂಗ ಬಿಟ್ರ ನಮ್ಮ ಕೂಸು ನಮ್ಮ ಕೈಗೆ ಸಿಗಂಗಿಲ್ಲ.”

ಇಬ್ಬರೂ ಸೇರಿ ನಿಶ್ಚಯಿಸಿದೆವು. ಬೇಸಿಗೆಯೊಳಗೆ ಹುಡುಗಿ ಸರಿಹೋಗದಿದ್ದರೆ ಊರಿಗೆ, ನನ್ನ ಅವ್ವನ ಹತ್ತಿರ ಬಿಡುವುದು, ಅಲ್ಲೇ ಶಾಲೆಗೆ ಹಾಕುವುದು. ಅವ್ವನಿಗೆ ಫೋನಿನಲ್ಲಿ ಹೇಳಿದ್ದೇ ತಡ, ಅವಳು ಮೊಮ್ಮಗಳಿಗೆ ಹೊದೆಯಲೆಂದು ಹೊಸ ಕೌದಿ ಹೊಲಿಯಲು ಕುಳಿತಳು. ಒಬ್ಬಳೇ ಮಗಳನ್ನು ಬಿಟ್ಟು ಈ ಮಂಜಿನಲ್ಲಿ ಹೇಗೆ ಇರುವುದು ಎಂದು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ಆ ದಿನಗಳಲ್ಲೇ ಒಂದು ಸಂಜೆ ಸಮುದಾಯ ಭವನದ ಮುಂದಿನ ಕಂಬ ಹತ್ತಿದ್ದೆ. ಒಳಗಿನಿಂದ ಮಕ್ಕಳ ಗದ್ದಲ ಕೇಳಿತು: ಇಚಿ, ನಿ, ಸಾನ್, ಶಿ! ಪಿಸುಮಾತಿನ ಈ ಊರಿನಲ್ಲಿ ಅಷ್ಟು ದೊಡ್ಡ ದನಿ ನಾನು ಕೇಳಿರಲಿಲ್ಲ. ಕೆಳಗಿಳಿದು ಇಣುಕಿದೆ. ಬಿಳಿ ಬಟ್ಟೆ ತೊಟ್ಟ ಮಕ್ಕಳು ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಿದ್ದರು. ಕರಾಟೆ ಕಲಿಸುತ್ತಿದ್ದವರು ಪ್ರಮೀಳಾ ಮಿಸ್, ಹತ್ತಿರದ ಎಸ್ಟೇಟಿನಲ್ಲಿ ರೈಟರ್ ಆಗಿರುವವರ, ಅಂದರೆ ಕೆಲಸದವರ ಹಾಜರಿ, ಲೆಕ್ಕ ನೋಡಿಕೊಳ್ಳುವವರ ಮಗಳು. ಮರುವಾರವೇ ರೇಣುವನ್ನು ಸೇರಿಸಿದೆ.

ಮೊದಲ ದಿನ ಬಾಗಿಲಲ್ಲಿ ನಿಂತು ನೋಡಿದೆ. ಗುದ್ದುವಾಗ ಹೊಟ್ಟೆಯಿಂದ ಒಂದು ಕೂಗು ಹಾಕಬೇಕು, ಅದಕ್ಕೆ ಕಿಯಾಯ್ ಎನ್ನುತ್ತಾರೆ. ಎಲ್ಲರೂ ಕೂಗಿದರು, ನನ್ನ ಮಗಳ ತುಟಿ ಅಲುಗಲಿಲ್ಲ. ನನಗೆ ತಾಳ್ಮೆ ಕಡಿಮೆ. “ಒಮ್ಮೆ ಒದರಲೇ ರೇಣು!” ಎಂದು ಬಾಗಿಲಿನಿಂದಲೇ ಅಂದುಬಿಟ್ಟೆ. ಮಕ್ಕಳು ಕಿಸಕ್ಕೆಂದರು. ಪ್ರಮೀಳಾ ಮಿಸ್ ನನ್ನನ್ನು ಹೊರಗೆ ಕರೆದುಕೊಂಡು ಬಂದರು.

“ನೀವು ನಾಳೆಯಿಂದ ಬಾಗ್ಲಲ್ಲಿ ನಿಲ್ಬೇಡಿ ಸರ್.”

“ಅಕೀಗೆ ದನಿನ ಹೋಗೇತಿ ಮೇಡಂ.”

“ಹೋಗಿಲ್ಲ. ಯಾರ ಮುಂದೆ ತೆಗೀಬೇಕು ಅಂತ ನೋಡ್ತಾ ಇದ್ದಾಳೆ ಅಷ್ಟೆ. ಕೂಗೋದು ಆಮೇಲೆ. ಮೊದ್ಲು ನಿಲ್ಲೋದು ಕಲೀಲಿ.”

ನಿಲ್ಲುವುದನ್ನೇ ವಾರಗಟ್ಟಲೆ ಕಲಿಸಿದರು. ಮುಂದಿನ ಮೊಣಕಾಲು ಬಾಗಿಸಿ ನಿಲ್ಲುವುದು, ಹಿಂದೆ ಸರಿಯುವಾಗ ಪಾದವನ್ನು ನೆಲಕ್ಕೆ ಸವರಿಕೊಂಡೇ ಸರಿಯುವುದು, ಎದುರಿಗಿರುವವರ ಮೇಲಿನ ಕಣ್ಣು ತೆಗೆಯದೆ ಇರುವುದು. ದುಡ್ಡು ಕೊಟ್ಟು ಹಿಂದೆ ಸರಿಯುವುದನ್ನು ಕಲಿಯಬೇಕೇ ಎಂದು ನಾನು ಗೊಣಗಿದೆ. ಆದರೆ ಊರಿಂದ ಹೊಸ ಹಿಟ್ಟು ಬಂದ ದಿನ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಾಗ ರೇಣು ಪಕ್ಕದಲ್ಲಿ ಕುಳಿತು ಇಚಿ, ನಿ, ಸಾನ್ ಎಂದು ರೊಟ್ಟಿ ಎಣಿಸಿದಳು. ನಾವಿಬ್ಬರೂ ಉಸಿರು ಬಿಗಿಹಿಡಿದು ಕೇಳಿದೆವು. ಅದು ಜಪಾನಿನ ಎಣಿಕೆ. ಅಲ್ಲಿಗೇ ಕಲಿಯಲು ಬರುತ್ತಿದ್ದ ಸೃಜನ್‌ಗೂ ಪರಭಾಷೆ, ನನ್ನ ಮಗಳಿಗೂ ಪರಭಾಷೆ. ಆ ಭವನದೊಳಗೆ ಯಾರ ಉಚ್ಚಾರ ಸರಿ ಎಂದು ಹೇಳುವವರೇ ಇರಲಿಲ್ಲ, ಹಾಗಾಗಿ ಯಾರೂ ನಗುವಂತಿರಲಿಲ್ಲ.

ಆಮೇಲೆ ಅವಳು ತಾನೇ ಅಂಗಡಿಗೆ ಹೋಗಿ “ಉಪ್ಪು ಕೊಡ್ರಿ” ಎಂದಳು. ಸೃಜನ್ ಅಣಕಿಸಿದ. ಅವಳು ಅವನ ಮುಖವನ್ನೇ ದಿಟ್ಟಿಸಿ, ಅದೇ ಮಾತನ್ನು ಇನ್ನೊಮ್ಮೆ ಹೇಳಿ, ಉಪ್ಪು ತೆಗೆದುಕೊಂಡು ಬಂದಳು. ನಮಗೆ ಅಂದು ಹಬ್ಬ. ಆದರೆ ಶಾಲೆಯಲ್ಲಿ ಇನ್ನೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ, ಬೇಸಿಗೆ ಹತ್ತಿರ ಬರುತ್ತಿತ್ತು.

ಕಾಫಿ ಕೊಯ್ಲಿನ ದಿನಗಳು. ಒಂದು ಸಂಜೆ ರೇಣುವನ್ನೂ ಸೃಜನ್‌ನನ್ನೂ ಕ್ಲಾಸಿನಿಂದ ಕರೆದುಕೊಂಡು ತೋಟದ ಒಳರಸ್ತೆಯಲ್ಲಿ ನಡೆದು ಬರುತ್ತಿದ್ದೆ. ಆನೆ ಹೊಳೆಯಾಚೆಯ ತೋಟದಲ್ಲಿದೆ ಎಂದು ಬೆಳಿಗ್ಗೆ ಗುಂಪಿನಲ್ಲಿ ಓದಿದ್ದೆ. ಬಯಲುಸೀಮೆಯ ಬುದ್ಧಿ ನೋಡಿ, ಗೂಟಕ್ಕೆ ಕಟ್ಟಿದ ಎತ್ತಿನ ಹಾಗೆ ಅದು ಸಂಜೆಯವರೆಗೂ ಅಲ್ಲೇ ಇರುತ್ತದೆ ಎಂದು ನಂಬಿದ್ದೆ. ಮಂಜು ಇಳಿದಿತ್ತು. ತಿರುವಿನಲ್ಲಿ ಸಿಲ್ವರ್ ಓಕ್ ಮರದ ಟೊಂಗೆ ಲಟಕ್ಕೆಂದಿತು. ಟಾರ್ಚ್ ಹಾಕಿದರೆ ಬೆಳಕು ಒಂದು ಕಾಲಿನ ಮೇಲೆ ಬಿತ್ತು. ಬೆಳಕು ಮೇಲಕ್ಕೆ ಹೋದಷ್ಟೂ ಆನೆ ಮುಗಿಯಲಿಲ್ಲ.

ಹೊಲಕ್ಕೆ ಹಂದಿ ನುಗ್ಗಿದರೆ ಊರೇ ಕೇಳುವ ಹಾಗೆ ಅರಚಿ ಓಡಿಸಿದವನು ನಾನು. ಬಾಯಿ ತಾನಾಗಿ ತೆರೆಯಿತು. ಅಷ್ಟರಲ್ಲಿ ಒಂದು ಸಣ್ಣ ಕೈ ನನ್ನ ಅಂಗೈಯನ್ನು ಉಗುರು ಊರುವಷ್ಟು ಹಿಂಡಿತು.

“ಒದರಬ್ಯಾಡ ಅಪ್ಪಾ. ಬೆನ್ನು ತಿರುಗಸಬ್ಯಾಡ. ಲೈಟ್ ಕೆಳಗ ಹಿಡಿ.”

ಸೃಜನ್ ಆಗಲೇ ಓಡಲು ತಿರುಗಿದ್ದ. ಅವಳು ಇನ್ನೊಂದು ಕೈಯಿಂದ ಅವನ ಬೆಲ್ಟ್ ಹಿಡಿದು ಎಳೆದು ನಿಲ್ಲಿಸಿಕೊಂಡಳು. ಕ್ಲಾಸಿನಲ್ಲಿ ನಿಲ್ಲುವಂತೆಯೇ ಮೊಣಕಾಲು ಬಾಗಿಸಿದಳು. “ಇಚಿ,” ಎಂದಳು, ಉಸಿರಿನಷ್ಟೇ ಮೆಲ್ಲಗೆ. ಮೂವರೂ ಪಾದ ಸವರುತ್ತ ಒಂದು ಹೆಜ್ಜೆ ಹಿಂದೆ ಸರಿದೆವು. “ನಿ.” ಇನ್ನೊಂದು ಹೆಜ್ಜೆ. ಆನೆ ಕಿವಿ ಬಿಚ್ಚಿ ನಿಂತಿತು. ಅವಳು ಹೇಳುವವರೆಗೆ ಕಾಯಬೇಕು, ಹೇಳಿದಾಗ ಸರಿಯಬೇಕು, ನನಗೆ ಗೊತ್ತಿದ್ದದ್ದು ಅಷ್ಟೇ. ನಾವು ತಿರುವು ದಾಟಿ, ಆನೆ ಕಣ್ಣಿಗೆ ಮರೆಯಾದ ಮೇಲೆ ಎಸ್ಟೇಟಿನವರು ಕಾಫಿ ಒಣಗಿಸುವ ಕಣಕ್ಕೆ ಹೋಗಿ ಕುಸಿದೆವು. ಸೃಜನ್ ಅಳತೊಡಗಿದ. ರೇಣು ಅವನಿಗೆ ನೀರಿನ ಬಾಟಲಿ ಕೊಟ್ಟಳು.

ಮನೆಗೆ ಬಂದು ಹೇಳಿದರೆ ಕಸ್ತೂರಿಗೆ ಮಗಳ ಧೈರ್ಯ ಕಾಣಲಿಲ್ಲ, ಆನೆಯೇ ಕಂಡಿತು. ಅವಳ ತಪ್ಪಲ್ಲ. ರಾತ್ರಿಯೆಲ್ಲ ನನಗೂ ಆ ಕಾಲೇ ಕಣ್ಣಮುಂದೆ.

“ಬ್ಯಾಸಗಿ ತನಕ ಯಾಕ ಕಾಯೂದು? ಮಾತು ಹೋದ್ರ ಹೋತು, ಜೀವರ ಇರ್ಲಿ. ಈಗಿಂದೀಗ ನಿಮ್ಮವ್ವಗ ಫೋನ್ ಹಚ್ಚ್ರಿ,” ಎಂದಳು ಬೆಳಗಾಗುತ್ತಲೇ.

ಹಚ್ಚಿದೆ. ಅವ್ವನಿಗೆ ಕಿವಿ ಮಂದ, ಅದಕ್ಕೆ ಸ್ಪೀಕರ್ ಹಾಕಿದೆ. ಈ ಭಾನುವಾರವೇ ಕೂಸನ್ನು ತಂದು ಬಿಡುತ್ತೇನೆ ಅಂದೆ. ಅವ್ವ ಸಂಭ್ರಮದಿಂದ ಕೌದಿಯ ಸುದ್ದಿ ತೆಗೆದಳು. ಅಷ್ಟರಲ್ಲಿ ಒಳಗಿನಿಂದ ರೇಣು ಬಂದು ನನ್ನೆದುರು ನಿಂತಳು, ಪಾದ ಅಗಲಿಸಿ, ಕಣ್ಣು ನನ್ನ ಮೇಲಿಟ್ಟು.

“ನಾನ್ ಎಲ್ಲಿಗೂ ಹೋಗಲ್ಲ. ನನ್ನ ಒಂದ್ ಮಾತು ಕೇಳ್ದೆ ಹೆಂಗ್ ಕಳಿಸ್ತೀರಿ ಮಾರಾಯ್ರೆ? ಕರಾಟೆ ಕ್ಲಾಸ್ ಇದೆ ನಂಗೆ. ಹೋಗಲ್ಲ ಅಂದ್ರೆ ಹೋಗಲ್ಲ!”

ಅಂಗಡಿಯಲ್ಲಿ ರುದ್ರಮ್ಮನವರು ತೂಗುವುದನ್ನು ನಿಲ್ಲಿಸಿ ಇತ್ತ ನೋಡಿದರು. ಎಷ್ಟೋ ತಿಂಗಳಿಂದ ನಾನು ಕಾದಿದ್ದ ದನಿ ಅದು, ಹೊಟ್ಟೆಯಿಂದ ಬಂದಿತ್ತು. ಕಸ್ತೂರಿ ಸೆರಗು ಬಾಯಿಗೆ ಒತ್ತಿಕೊಂಡಳು.

ಫೋನಿನಲ್ಲಿ ಅವ್ವ ಕೇಳಿದಳು: “ಯಾರಪ್ಪಾ ಅದು ಜೋರು ಮಾಡಾಕತ್ತಿದ್ದು? ಬಾಜೂ ಮನಿ ಹುಡುಗಿ ಏನು?”

“ಅಲ್ಲವ್ವಾ,” ಅಂದೆ. “ನಮ್ಮ ರೇಣು.”

ಈ ಊರಿನ ಮಾತಿನಲ್ಲಿ ಮೊಮ್ಮಗಳ ದನಿ ಗುರುತಿಸದ ಅವ್ವನಿಗಾಗಿ ಸಂಕಟವಾಯಿತು. ಕಣ್ಣು ಕದಲಿಸದೆ ಎದುರಿಗೆ ನಿಂತ ಮಗಳನ್ನು ಕಂಡು ಎದೆ ತುಂಬಿತು. ಯಾವುದಕ್ಕೆ ಕಣ್ಣೀರು ಬಂತೋ ಇವತ್ತಿಗೂ ಗೊತ್ತಿಲ್ಲ.

“ಹಂಗಾರ ಅಲ್ಲೇ ಇರ್ಲಿ ಬಿಡು,” ಎಂದಳು ಅವ್ವ ಕೊನೆಗೆ. “ಕೌದಿ ಯಾರ ಕೂಡನರ ಕಳಸ್ತೀನಿ. ಅಲ್ಲೆ ಥಂಡಿ ಭಾಳಂತ.”