ಹಲಗೂರಿನ ಮನೆಗೆ ಮೂರನೇ ಸಹಿ

ಕೊಪ್ಪದ ಡೇರಿಯಲ್ಲಿ ಬೆಳಗಿನ ಹಾಲು ಅಳೆದು ಮುಗಿದಿತ್ತು. ಕ್ಯಾನುಗಳು ವ್ಯಾನಿಗೇರಿ ಹೋಗಿದ್ದವು. ಕುಸುಮ ನೆಲಕ್ಕೆ ನೀರು ಹಾಕಿ ಪೊರಕೆಯಲ್ಲಿ ತಳ್ಳುತ್ತಿದ್ದಾಗ ಬಾಗಿಲ ಮುಂದೆ ಸ್ಕೂಟರು ನಿಂತಿತು. ಇಳಿದವನು ಕನ್ನಡಕದ, ಇಸ್ತ್ರಿ ಅಂಗಿಯ ಮನುಷ್ಯ.

"ಹಲಗೂರು ನಿಂಗಯ್ಯನವರ ಮಗಳು ಕುಸುಮಮ್ಮ ಅಂದ್ರೆ ನೀವೇನಾ?" ಅಂದ.

ಕುಸುಮ ಪೊರಕೆ ಹಿಡಿದೇ ನಿಂತಳು. ಕೊಪ್ಪದಲ್ಲಿ ಅವಳು ಡೇರಿ ಕುಸುಮಮ್ಮ, ಇಲ್ಲವೇ ಸಿದ್ದರಾಜು ಹೆಂಡತಿ. ನಿಂಗಯ್ಯನ ಮಗಳು ಎಂದು ಯಾರಾದರೂ ಕರೆದು ಇಪ್ಪತ್ತು ವರ್ಷ ದಾಟಿತ್ತು.

"ನಾನೇಯ. ಯಾರ್ಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲಮ್ಮ. ನಾನು ರವಿಚಂದ್ರ, ಹಲಗೂರು ಹೈಸ್ಕೂಲಲ್ಲಿ ಮೇಷ್ಟ್ರು. ನಿಮ್ಮ ತಂದೆಯವರ ಮನೆ ಕೊಂಡ್ಕೊಳ್ತಾ ಇದೀನಿ. ಅದಕ್ಕೆ ನಿಮ್ಮ ಸಹಿ ಬೇಕು."

ಸಿದ್ದರಾಜು ಕಬ್ಬಿನ ಲಾರಿ ಓಡಿಸುತ್ತಿದ್ದವನು, ಬೇರೆ ಜಾತಿಯವನು. ಕುಸುಮ ಅವನ ಜೊತೆ ಹೊರಟುಬಂದ ದಿನ ನಿಂಗಯ್ಯ ಜಗಲಿಯ ಮೇಲೆ ನಿಂತು, ಇನ್ನು ಮೇಲೆ ನನಗೆ ಇಬ್ಬರೇ ಮಕ್ಕಳು ಅಂತ ಬೀದಿಗೆ ಕೇಳುವಂತೆ ಹೇಳಿದನಂತೆ. ಅವನು ಸತ್ತ ಸುದ್ದಿ ಅವಳಿಗೆ ಸಿಕ್ಕಿದ್ದು ಮದ್ದೂರಿನ ಬಸ್‌ ಸ್ಟ್ಯಾಂಡಿನಲ್ಲಿ, ಸೊಪ್ಪು ಮಾರುವ ಹಲಗೂರಿನ ಹೆಂಗಸೊಬ್ಬಳ ಬಾಯಲ್ಲಿ. ಅಷ್ಟೊತ್ತಿಗೆ ತಿಥಿಯೂ ಮುಗಿದು ಹೋಗಿತ್ತು. ತಾಯಿ ದೇವಿರಮ್ಮನ ಸಾವೂ ಹಾಗೇ, ಹಳಸಿದ ಮೇಲೆ ಬಂದ ಸುದ್ದಿ. ಮಕ್ಕಳಾಗಲಿಲ್ಲ. ಸಿದ್ದರಾಜು ಕಿಡ್ನಿ ಕೆಟ್ಟು ತೀರಿಕೊಂಡ ಮೇಲೆ ಬಾಡಿಗೆ ಮನೆ, ಡೇರಿ, ಮತ್ತೆ ಮನೆ, ಇಷ್ಟೇ ಆಯಿತು ಅವಳ ದಾರಿ. ಒಬ್ಬಳಿಗೆ ಅನ್ನ ಮಾಡಲು ಬೇಜಾರಾಗಿ ಎಷ್ಟೋ ಸಲ ಬೆಳಗಿನ ಮುದ್ದೆಯನ್ನೇ ಮಜ್ಜಿಗೆಯಲ್ಲಿ ಕಲಸಿಕೊಳ್ಳುತ್ತಿದ್ದಳು.

ರವಿಚಂದ್ರ ಮುಜುಗರಪಡುತ್ತಲೇ ವಿಷಯ ಹೇಳಿದ. ಮನೆ ಇನ್ನೂ ನಿಂಗಯ್ಯನ ಹೆಸರಲ್ಲೇ ಇದೆ. ಅವನು ಉಯಿಲು ಬರೆದಿರಲಿಲ್ಲ. ಅವಳ ಅಣ್ಣ ಜಯಪ್ರಕಾಶ್ ಮಾಡಿಸಿಕೊಟ್ಟ ವಂಶವೃಕ್ಷದಲ್ಲಿ ಗಂಡುಮಕ್ಕಳಿಬ್ಬರ ಹೆಸರು ಮಾತ್ರ ಇತ್ತು. ಮುಂಗಡ ಕೊಡುವ ಮುಂಚೆ ಮನೆ ನೋಡಲು ಹೋದಾಗ ಪಕ್ಕದ ಮನೆಯ ಮುದ್ದಮ್ಮ, "ಎಣ್ಣುಮಗ ಒಪ್ಪವ್ಳಾ?" ಅಂತ ಕೇಳಿದಳು.

"ಯಾವ ಹೆಣ್ಣುಮಗಳು ಅಂದೆ. ಆಗ ಗೊತ್ತಾಯ್ತು. ನಮ್ಮ ಲಾಯರ್ ಮೇಡಂ, ಆಕೆ ಸಹಿ ಇಲ್ಲದೆ ಕ್ರಯ ಬೇಡ ಅಂದ್ರು."

"ನನ್ ಎಸ್ರು ಇಲ್ದಿದ್ರೆ ಏನಾಯ್ತದೆ ಮೇಷ್ಟ್ರೇ?"

"ನಾಳೆ ನೀವು ಕೋರ್ಟಿಗೆ ಹೋದ್ರೆ ನನ್ನ ಮನೆ ತಕರಾರಲ್ಲಿ ಸಿಕ್ಕಿಹಾಕ್ಕೊಳ್ತದೆ. ಗಂಡುಮಕ್ಕಳಷ್ಟೇ ಹಕ್ಕು ನಿಮಗೂ ಇದೆ."

ಅವನು ಹೋದ ಮೇಲೆ ಕುಸುಮ ತೊಳೆದ ನೆಲವನ್ನೇ ಮತ್ತೊಮ್ಮೆ ತೊಳೆದಳು.

ಮುಂದಿನ ಭಾನುವಾರ ಜಯಪ್ರಕಾಶ್ ಬಂದ. ತಲೆ ಪೂರಾ ನರೆತಿತ್ತು, ನಡಿಗೆ ಮಾತ್ರ ಅಪ್ಪನದೇ. ಅವನನ್ನು ಕಂಡು ಅವಳು ಬಾಗಿಲನ್ನು ಪೂರ್ತಿ ತೆರೆದಳು.

"ಒಳೀಕ್ ಬಾಣ್ಣ."

"ಇಲ್ಲೇ ಆಯ್ತದೆ ಬುಡು." ಅವನು ಜಗಲಿಯ ಅಂಚಿನಲ್ಲಿ ಕೂತ.

ಅವಳು ಕಾಫಿ ತಂದಿಟ್ಟಳು. ಅವನು ಲೋಟದ ಕಡೆ ನೋಡದೆ ಚೀಲದಿಂದ ಟೈಪು ಮಾಡಿಸಿದ ಹಾಳೆಗಳನ್ನು ತೆಗೆದ. "ಇದ್ ಅಕ್ಕು ಬಿಡುಗಡೆ ಪತ್ರ. ರಿಜಿಸ್ಟ್ರಾರ್ ಆಫೀಸ್ಗೆ ಬಂದು ಒಂದ್ ಸೈನ್ ಆಕುದ್ರೆ ಮುಗೀತು. ನಿನ್ ಪಾಲಿಂದು ನಿಂಗ್ ಕೊಡ್ತೀವಿ, ಅದ್ರಲ್ಲಿ ಮೋಸ ಇಲ್ಲ."

"ಓದಣ್ಣ ಒಂದ್ಸಲ."

"ಓದಾದೇನದೆ? ಎಲ್ರೂ ಬರ್ಸೋ ಅಂಗೇ ಬರ್ಸಿರೋದು."

"ಓದು."

ಅವನು ಶಾಲೆಯ ಹುಡುಗನಂತೆ ಒಂದೇ ರಾಗದಲ್ಲಿ ಓದುತ್ತಾ ಹೋದ. ನಾನು ಸ್ವಇಚ್ಛೆಯಿಂದ, ಯಾರ ಬಲವಂತವೂ ಇಲ್ಲದೆ, ಸದರಿ ಸ್ವತ್ತಿನಲ್ಲಿ ನನಗಿರುವ ಹಕ್ಕನ್ನು ಸಹೋದರರಿಗೆ ಬಿಟ್ಟುಕೊಟ್ಟಿರುತ್ತೇನೆ, ಇನ್ನು ಮುಂದೆ ಸದರಿ ಮನೆಗೂ ನನಗೂ ಯಾವುದೇ ಹಕ್ಕು, ಬಾಧ್ಯತೆ, ಸಂಬಂಧ ಇರುವುದಿಲ್ಲ.

"ಅಲ್ಲಿಗ್ ನಿಲ್ಸು," ಅಂದಳು ಕುಸುಮ. "ಇದಕ್ ನಾನ್ ಸೈನ್ ಆಕಾಕಿಲ್ಲ ಕಣಣ್ಣ."

"ದುಡ್ಡು ಸಾಲ್ದಾ?"

"ದುಡ್ಡಿನ ಮಾತ್ಯಾಕೆ ಎತ್ತೀಯ. ಸಂಬಂದ ಇಲ್ಲ ಅಂತ ನೀವ್ ಏಳುದ್ರಿ, ಕೇಳ್ಕಂಡ್ ಬಾಳ್ದೆ. ಈಗ ಅದುನ್ನ ನಾನೇ ಬರ್ಕೊಡ್ಬೇಕಾ?"

"ಕಾಗ್ದದ್ ಬಾಸೆ ಕಣಮ್ಮಿ ಅದು. ಅದ್ಕೆಲ್ಲ ಅರ್ತ ಕಟ್ತಾರಾ?"

"ಕಾಗ್ದಕ್ ಅರ್ತ ಇಲ್ದಿದ್ರೆ ನೀನ್ಯಾಕ್ ಇಲ್ಲೀಗಂಟ ಬತ್ತಿದ್ದೆ?"

ಜಯಪ್ರಕಾಶ್ ಹಾಳೆಗಳನ್ನು ಚೀಲಕ್ಕೆ ತುರುಕಿ ಎದ್ದ. ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ ಅಮ್ಮಿ ಅಂದದ್ದು ಅವನಿಗೇ ಗೊತ್ತಾಗಿರಲಿಕ್ಕಿಲ್ಲ. ಅವನ ಬೈಕು ನಾಲೆಯ ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದು, ಕೆನೆಗಟ್ಟಿದ ಕಾಫಿಯನ್ನು ಅವಳು ತಾನೇ ಕುಡಿದಳು.

ಮರುವಾರ ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಮಳವಳ್ಳಿಗೆ ಹೋದಳು. ಮೇಷ್ಟ್ರು ಹೇಳಿದ್ದ ಲಾಯರ್ ಮೇಡಂ ಸುನಿತಾಳನ್ನು ಕಂಡಳು. ಸುನಿತಾ ಮೇಷ್ಟ್ರ ಪರ ಇದ್ದವಳು. ಅದನ್ನು ಮೊದಲೇ ಹೇಳಿ, ಬೇಕಿದ್ದರೆ ಬೇರೆ ವಕೀಲರನ್ನು ಕೇಳಿ ಅಂದಳು. ತನಗೆ ಒಂದೇ ಒಂದು ವಿಷಯ ತಿಳಿಯಬೇಕು ಅಂದಳು ಕುಸುಮ.

"ಬುಟ್ಕೊಡ್ದೇನೇ ಮಾರೋಕಾಯ್ತದಾ?"

ಸುನಿತಾ ಪೆನ್ನು ಕೆಳಗಿಟ್ಟಳು. "ಆಗ್ತದೆ. ಅಣ್ಣ ತಮ್ಮನ ಜೊತೆ ನೀವೂ ಮಾರುವವರು ಅಂತ ಕ್ರಯಪತ್ರಕ್ಕೇ ಸಹಿ ಮಾಡಬಹುದು. ಬಿಡುಗಡೆ ಪತ್ರದಲ್ಲಾದರೆ ನಿಮ್ಮ ಪಾಲನ್ನ ಅವರಿಗೆ ಬಿಟ್ಟುಕೊಟ್ಟ ಹಾಗೆ. ಆಮೇಲೆ ಅವರಿಬ್ಬರೇ ಮಾರ್ತಾರೆ, ಕ್ರಯದಲ್ಲಿ ನಿಮ್ಮ ಹೆಸರು ಬರಲ್ಲ. ನೀವೂ ಸೇರಿ ಮಾರಿದರೆ ದಿವಂಗತ ನಿಂಗಯ್ಯನವರ ಮಗಳು ಅಂತ ನಿಮ್ಮ ಹೆಸರೂ ಬರ್ತದೆ. ನಿಮ್ಮ ಭಾಗ ನಿಮ್ಮ ಬ್ಯಾಂಕಿಗೇ ಬರ್ತದೆ. ಮೊದಲು ವಂಶವೃಕ್ಷ ಸರಿ ಮಾಡಿಸಬೇಕು, ಅಷ್ಟೇ."

"ಅಂಗೇ ಬರೀರವ್ವ."

ಬೇರೆ ದಾರಿಯಿಲ್ಲದೆ ಅಣ್ಣ ತಮ್ಮನೂ ಒಪ್ಪಿದರು. ವಂಶವೃಕ್ಷ ತಿದ್ದಲು ಕಂದಾಯ ಇಲಾಖೆಯವರು ಹಲಗೂರಿನ ಮನೆಯ ಮುಂದೆಯೇ ಅಕ್ಕಪಕ್ಕದವರನ್ನು ಕೇಳಿ ಬರೆದುಕೊಂಡರು. ಕುಸುಮ ಬೀದಿಯ ಕೊನೆಯಲ್ಲಿ ಬಸ್ಸು ಇಳಿದು ನಡೆದು ಬಂದಳು. ಮುದ್ದಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಈ ಮಗೀನ್ ನಾಮಕರಣಕ್ಕೆ ಒಬ್ಬಟ್ಟು ಬೇಯ್ಸ್ದೋಳ್ ನಾನು. ನಿಂಗಯ್ಯನ ಮಗ್ಳಲ್ಲ ಅಂತ ಯಾವನ್ಲಾ ಏಳಾನು?" ಅಂದಳು. ಅಧಿಕಾರಿ ಅದನ್ನು ತನ್ನ ಭಾಷೆಗೆ ತಿರುಗಿಸಿ ಬರೆದು ಮುದ್ದಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡ.

ಕಂದಾಯದವರು ಹೋದ ಮೇಲೆ ಕುಸುಮ ಮನೆಯ ಒಳಗೆ ಹೋದಳು. ಇಷ್ಟು ವರ್ಷ ನಿದ್ದೆ ಬಾರದಾಗೆಲ್ಲ ಅವಳು ಈ ಮನೆಯನ್ನು ಒಂದೊಂದೇ ಕೋಣೆಯಾಗಿ ನೆನೆಯುತ್ತಿದ್ದಳು. ಈಗ ನೋಡಿದರೆ ಆ ಮನೆ ಇಲ್ಲಿರಲಿಲ್ಲ. ಅಡುಗೆಮನೆಯ ಗೋಡೆ ಒಡೆದು ಹಾಲ್ ದೊಡ್ಡದು ಮಾಡಿದ್ದರು. ನೆಲಕ್ಕೆ ಬಿಳಿ ಟೈಲ್ಸು. ಅವ್ವ ನೀರು ಕಾಯಿಸುತ್ತಿದ್ದ ಹಂಡೆಯ ಜಾಗದಲ್ಲಿ ವಾಷಿಂಗ್ ಮಷೀನಿನ ಪೈಪು ಹೊರಚಾಚಿತ್ತು. ತಾನು ಮಲಗುತ್ತಿದ್ದ ಮೂಲೆ ಯಾವುದೆಂದು ಅವಳು ಅಂದಾಜು ಮಾಡಲು ನೋಡಿದಳು. ಆಗಲಿಲ್ಲ. ಅಳು ಬರಬಹುದು ಅಂದುಕೊಂಡು ಸೆರಗು ಕೈಯಲ್ಲಿ ಹಿಡಿದಿದ್ದಳು, ಅದೂ ಬರಲಿಲ್ಲ.

ಹಿತ್ತಲ ಬಾಗಿಲಲ್ಲಿ ತಮ್ಮ ಅಪ್ಪು ನಿಂತಿದ್ದ. ಅವಳು ಹೊರಟಾಗ ಅವನು ಮೀಸೆ ಬಾರದ ಹುಡುಗ, ಅವಳ ತಟ್ಟೆಯಲ್ಲೇ ಉಣ್ಣುತ್ತಿದ್ದವನು. ಈಗ ಮೂವತ್ತು ದಾಟಿದ ಗಂಡಸು.

"ನೀವು ನೀರ್ ಕುಡೀತೀರಾ?" ಅಂದ.

ನೀವು ಅನ್ನುವ ಮಾತು ಕುಸುಮಳಿಗೆ ಚುರುಕ್ಕಂದಿತು. ಅವನು ಬೇಕೆಂದು ಅಂದದ್ದಲ್ಲ. ಗೊತ್ತಿಲ್ಲದ ಹೆಂಗಸಿಗೆ ಬೇರೆ ಹೇಗೆ ಅಂದಾನು?

"ಬ್ಯಾಡ ಕಣಪ್ಪ. ಬಸ್ಸಿಗ್ ಒತ್ತಾಯ್ತು," ಅಂದಳು.

ನೋಂದಣಿಯ ದಿನ ಮಳವಳ್ಳಿಯ ಕಚೇರಿಯಲ್ಲಿ ಸರ್ವರ್ ಇಲ್ಲ ಎಂದು ಜನ ಕಾಯುತ್ತಿದ್ದರು. ಅಣ್ಣ ತಮ್ಮ ಒಂದು ಬೆಂಚಿನಲ್ಲಿ, ರವಿಚಂದ್ರ ಮತ್ತು ಅವನ ಹೆಂಡತಿ ಇನ್ನೊಂದರಲ್ಲಿ. ಎರಡರಲ್ಲೂ ಜಾಗವಿತ್ತು. ಕುಸುಮ ಕಿಟಕಿಯ ಹತ್ತಿರ ನಿಂತೇ ಇದ್ದಳು. ರವಿಚಂದ್ರನ ಹೆಂಡತಿ ಗಂಡನ ಕಿವಿಯಲ್ಲಿ ದೇವರ ಮನೆ ಎಲ್ಲಿ ಬರಬೇಕು, ಅಡುಗೆಮನೆಗೆ ಮತ್ತೆ ಗೋಡೆ ಹಾಕಿಸಬೇಕು ಎಂದೆಲ್ಲ ಹೇಳುತ್ತಿದ್ದಳು. ಆ ಮಾತು ಕುಸುಮಳಿಗೆ ಹಿತವಾಗಿಯೇ ಕೇಳಿಸಿತು.

ಒಳಗೆ ಕರೆದಾಗ ಒಬ್ಬೊಬ್ಬರದೇ ಫೋಟೊ, ಹೆಬ್ಬೆಟ್ಟು ತೆಗೆದುಕೊಂಡರು. ಅಧಿಕಾರಿ ಪತ್ರ ತಿರುವಿ ಜಯಪ್ರಕಾಶನನ್ನು ಕೇಳಿದರು. "ಇವರು ನಿಮಗೇನಾಗಬೇಕು?"

ಪತ್ರದಲ್ಲಿ ಬರೆದೇ ಇತ್ತು. ಆದರೂ ಕೇಳಿದರು. ಜಯಪ್ರಕಾಶ್ ಮೇಜಿನ ಅಂಚು ನೋಡುತ್ತಾ, "ತಂಗಿ," ಅಂದ.

ಕುಸುಮ ಸಹಿ ಹಾಕಿದಳು. ಡೇರಿಯ ಪುಸ್ತಕದಲ್ಲಿ ದಿನವೂ ಹಾಕುವ ಸಹಿಯೇ, ಇಲ್ಲಿ ಅಕ್ಷರ ಓರೆಯಾಗಿ ಬಂತು.

ಹೊರಗೆ ಬಂದ ಮೇಲೆ ಏನಾದರೂ ಆಗುತ್ತದೆ ಎಂದು ಅವಳಿಗೆ ಅನಿಸಿತ್ತು. ಏನಾಗಬೇಕಿತ್ತು ಎಂದು ಕೇಳಿದ್ದರೆ ಹೇಳಲು ಅವಳಿಗೂ ತಿಳಿಯುತ್ತಿರಲಿಲ್ಲ. ಜಯಪ್ರಕಾಶ್ ಫೋನಿನಲ್ಲಿ ಮಾತಾಡುತ್ತಾ ಗೇಟು ದಾಟಿದ. ಅಪ್ಪು ಎರಡು ಹೆಜ್ಜೆ ಹಿಂದೆ ಉಳಿದು, "ಬಸ್ಸದಾ?" ಅಂದ. ಅದೆ ಅಂದಳು. "ಸರಿ ಅಂಗಾರೆ," ಎಂದು ಅವನೂ ಹೋದ. ರವಿಚಂದ್ರ ಊಟಕ್ಕೆ ಕರೆದ. ಸಂಜೆಯ ಹಾಲಿಗೆ ಹೋಗಬೇಕು ಎಂದು ಅವಳು ಹೇಳಿದ್ದು ಸುಳ್ಳಲ್ಲ.

ಮಳೆಗಾಲ ಕಳೆದ ಮೇಲೆ ಕೊಪ್ಪದಲ್ಲಿ ಅವಳಿದ್ದ ಬಾಡಿಗೆ ಮನೆಯನ್ನೇ ಮಾಲೀಕ ಕರಿಯಯ್ಯ ಮಾರಲು ಹೊರಟ. ಹಲಗೂರಿನ ಮನೆಯ ಪಾಲಿನ ದುಡ್ಡಿನಲ್ಲಿ ಕುಸುಮ ತಾನೇ ತೆಗೆದುಕೊಂಡಳು. ಮಾತು ಮುಗಿಸುವ ಮುಂಚೆ, ಕರಿಯಯ್ಯನಿಗೆ ಎಷ್ಟು ಹೆಣ್ಣುಮಕ್ಕಳು, ಅವರೆಲ್ಲ ಒಪ್ಪಿದ್ದಾರಾ ಎಂದು ಕೇಳಿದಳು. ಅವನು ನಕ್ಕು ಮೂವರು ಹೆಣ್ಣುಮಕ್ಕಳನ್ನೂ ಕರೆಸಿದ. ಪತ್ರ ಬರೆಸಿದ್ದು ಸುನಿತಾಳ ಹತ್ತಿರವೇ.

"ಒಂದು ಉಯಿಲು ಮಾಡಿಬಿಡಿ," ಅಂದಳು ಸುನಿತಾ. "ಏನೂ ಬರೆಯದೆ ಹೋದರೆ ಗಂಡನ ಕಡೆಯವರೂ ಬರ್ತಾರೆ, ಅಪ್ಪನ ಮನೆ ಮಾರಿದ ದುಡ್ಡು ಅಂತ ಅಣ್ಣ ತಮ್ಮನೂ ಬರ್ತಾರೆ. ನಿಮ್ಮ ನಂತರ ಯಾರಿಗೆ?"

ಕುಸುಮ ಉತ್ತರ ಹುಡುಕಿದಳು. ಕಾನೂನು ಹೇಳುವ ನೆಂಟರು ಎರಡು ಕಡೆಯಲ್ಲೂ ಇದ್ದರು. ಇವರಿಗೆ ಎಂದು ಹೇಳುವಷ್ಟು ಅವರಲ್ಲಿ ಯಾರನ್ನೂ ಅವಳು ಬಲ್ಲವಳಾಗಿರಲಿಲ್ಲ.

"ಯೋಚ್ನೆ ಮಾಡಿ ಏಳ್ತೀನಿ ಕಣವ್ವ," ಅಂದಳು.

"ನಿಧಾನವಾಗಿ ಹೇಳಿ. ಅವಸರ ಇಲ್ಲ."

ಮದ್ದೂರಿನ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಪಕ್ಕದಲ್ಲಿ ಯಾರೂ ಕೂರಲಿಲ್ಲ. ಕುಸುಮ ಕೈಚೀಲವನ್ನು ಆ ಸೀಟಿನ ಮೇಲಿಟ್ಟು, ಕಂಡಕ್ಟರು ಬಂದಾಗ ಒಂದು ಟಿಕೆಟ್ ತೆಗೆದುಕೊಂಡಳು.