ಬಹುಮಾನ ಗೆದ್ದ ಟೋಪಿ

ನನ್ನ ಮೊಮ್ಮಗಳು ಮಾಡಿದ ಮೊಬೈಲ್ ಮೈಕ್ರೋಸ್ಕೋಪಿಗೆ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು! ಕ್ಯಾಮರಾದ ಮೇಲೆ ಲೇಸರ್ ಲೈಟಿನಿಂದ ಬಿಚ್ಚಿದ ಪುಟ್ಟ ಮಸೂರದ ಗಾಜು ಕೂರಿಸಿಕೊಟ್ಟವರು ಬ್ರೂಸ್‌ಪೇಟೆಯ ಮೊಬೈಲ್ ರಿಪೇರಿಯವರು. ಏನು ಕೆಟ್ಟರೂ ಕಿವಿ ತುರಿಸಿಕೊಂಡು, “ತಡೀರವ್ವಾ, ಆಗ್ತೈತಿ” ಎನ್ನುತ್ತಿದ್ದರು.

ಪ್ರದರ್ಶನದ ಬೆಳಿಗ್ಗೆ ಅವರ ಅಂಗಡಿಯಲ್ಲಿ ಉಳ್ಳಾಗಡ್ಡಿಯ ಪೊರೆ ಇಟ್ಟು ನೋಡಿದರೆ ಬರೀ ಕೆಂಪು! ಗಾಜಿನ ತುಂಬ ಗಣಿಯಿಂದ ಬರುವ ಅದಿರು ಲಾರಿಗಳ ಕೆಂಪು ಧೂಳು. ಅವರು ಅಂಗಿಯಿಂದ ಒರೆಸಿದರು, ನಾನು ಸೆರಗಿನಿಂದ ಒರೆಸಿದೆ. ಅವಕ್ಕೂ ಅದೇ ಧೂಳು ಮೆತ್ತಿತ್ತು, ಗಾಜು ಇನ್ನಷ್ಟು ಕೆಂಪಾಯಿತು. ಮೊಮ್ಮಗಳು ಅಳತೊಡಗಿದಳು.

“ತಡೀರವ್ವಾ” ಎಂದು ಅವರು ನಮಾಜಿಗೆ ಮಡಿಸಿಟ್ಟಿದ್ದ ಬಿಳಿ ಟೋಪಿ ತೆಗೆದು ಒರೆಸಿದರು. ಉಳ್ಳಾಗಡ್ಡಿಯ ಕೋಶಗಳು ಇಟ್ಟಿಗೆ ಗೋಡೆಯಂತೆ ಕಂಡವು!

ಸಂಜೆ ಮನೆಮಂದಿಯೆಲ್ಲ ಊಟಕ್ಕೆ ಕೂತಾಗ, ನಾನು ಕರೆದಿದ್ದಕ್ಕೆ ಅವರೂ ಬಂದರು, ಕೆಂಪು ಮೆತ್ತಿದ ಟೋಪಿಯಲ್ಲೇ.

“ಕೊಡಪಾ, ತೊಳದು ಕೊಡ್ತೀನಿ” ಎಂದೆ.

“ತಡೀರವ್ವಾ, ಬಹುಮಾನ ಗೆದ್ದ ಟೋಪಿ ಇದು. ಮೊದ್ಲು ಉಳ್ಳಾಗಡ್ಡಿ ಕೊಡ್ರಿ, ರೊಟ್ಟಿ ಆರ್ತೈತಿ.”

ಎಲ್ಲರೂ ನಗುತ್ತಲೇ ರೊಟ್ಟಿ ಮುರಿದೆವು.