ಪಾರಿವಾಳ ಓಡಿಸಿದ ಹಾಡು

ಎದುರು ಮನೆಯ ಬಾಲ್ಕನಿಯಲ್ಲಿ ಸೀಡಿಯೊಂದು ನೇತಾಡುತ್ತಿದೆ. ನೀವೂ ನೋಡಿರುತ್ತೀರಿ. ಪಾರಿವಾಳದ ಕಾಟ ತಾಳಲಾರದವರು ಹಳೆಯ ಸೀಡಿಯ ತೂತಿಗೆ ದಾರ ಪೋಣಿಸಿ ಕಟ್ಟುತ್ತಾರೆ. ಗಾಳಿಗೆ ಅದು ಗಿರಗಿರನೆ ತಿರುಗಿ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಪಾರಿವಾಳಗಳು ಹೆದರುತ್ತವಂತೆ. ಕೊಯಮತ್ತೂರಿನ ನಮ್ಮ ಗಣಪತಿ ಬಡಾವಣೆಯ ಪಾರಿವಾಳಗಳು ಪಂಪು ಕಾರ್ಖಾನೆಗಳ ಸದ್ದಿನಲ್ಲೇ ಮೊಟ್ಟೆಯೊಡೆದು ಬಂದಂಥವು, ಅವು ಯಾವುದಕ್ಕೂ ಹೆದರಿದ್ದನ್ನು ನಾನು ಕಂಡಿಲ್ಲ. ಸಿಟ್ಟು ಬರುವುದು ನನಗೆ. ಕಳೆದ ಭಾನುವಾರ ತಡೆಯಲಾಗದೆ ನಮ್ಮ ಬಾಲ್ಕನಿಯಿಂದಲೇ ಕೂಗಿದೆ.

"ಆ ಸೀಡೀಲಿ ಏನಿದೆ?"

ಎದುರು ಮನೆಯ ಹುಡುಗಿ ದಾವಣಗೆರೆಯವಳು, ಇಲ್ಲಿ ಎಂಜಿನಿಯರಾಗಿ ಬಂದು ಮೂರು ತಿಂಗಳಾಗಿದೆ. "ಏನೂ ಇಲ್ಲ ಆಂಟಿ, ಹಳೇದು" ಎಂದಳು.

"ಹಾಕಿ ಕೇಳಿದ್ಯಾ?"

"ಹ್ಞೂಂ, ಕೇಳಿದೀನಿ."

"ಪೊಯ್ ಹೇಳ್ಬೇಡ! ಮೊದ್ಲು ಅದನ್ನ ಬಿಚ್ಚು!"

ಪೊಯ್ ಎಂದರೆ ತಮಿಳಿನಲ್ಲಿ ಸುಳ್ಳು ಎಂದು ಅವಳಿಗೆ ತಿಳಿದಿತ್ತೋ ಇಲ್ಲವೋ, ನನ್ನ ದನಿಯಂತೂ ತಿಳಿಯಿತು. "ನಿಮಗ್ಯಾಕೆ ಆಂಟಿ ಅಷ್ಟೊಂದು ಕೋಪ?" ಎಂದಳು. ನ್ಯಾಯವಾದ ಪ್ರಶ್ನೆ. ನಾನು ಬಾಗಿಲು ಹಾಕಿಕೊಂಡೆ. ನಿಮಗಾದರೂ ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ನಮ್ಮದು ಮೂರು ತಲೆಮಾರಿನಿಂದ ಕೊಯಮತ್ತೂರಿನಲ್ಲಿರುವ ಕನ್ನಡದ ಮನೆ. ಎಂದರೆ, ಅಡುಗೆಮನೆಯಲ್ಲಿ ಕನ್ನಡ, ಹೊಸಿಲು ದಾಟಿದರೆ ತಮಿಳು, ಜಗಳವಾಡುವಾಗ ಎರಡೂ. ಓದುವ ಬರೆಯುವ ಕನ್ನಡ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅದೊಂದು ಕೊರತೆ ಎಂದು ನನಗೆ ಅನ್ನಿಸಿರಲೂ ಇಲ್ಲ, ನಮ್ಮ ಆಫೀಸಿಗೆ ಜೀವರತ್ನ ಬರುವ ತನಕ.

ಪಂಪು ತಯಾರಿಸುವ ಕಂಪನಿಯಲ್ಲಿ ನಾನು ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೆ. ನಕ್ಷೆ ಬರೆಯುವ ವಿಭಾಗಕ್ಕೆ ಮೈಸೂರಿನಿಂದ ಬಂದವರು ಜೀವರತ್ನ. ಚರ್ಚಿನ ಗಾಯಕರ ತಂಡದಲ್ಲಿ ಹಾಡುವವರು, ಒಳ್ಳೆಯ ಮನುಷ್ಯ. ನನ್ನ ಬಾಯಲ್ಲಿ ಕನ್ನಡ ಕೇಳಿದ್ದೇ ತಡ, ಮುಖ ಊರಗಲ ಮಾಡಿಕೊಂಡು ಮಾರನೆಯ ದಿನವೇ ಒಂದು ಕನ್ನಡ ವಾರಪತ್ರಿಕೆ ತಂದುಕೊಟ್ಟರು. ಓದಲು ಬರುವುದಿಲ್ಲ ಎನ್ನುವುದಕ್ಕೆ ಒಂದು ಗಳಿಗೆ ಸಾಕಿತ್ತು. ನಾನು ಅದನ್ನು ಒಂದು ವಾರ ಮೇಜಿನ ಡ್ರಾಯರಿನಲ್ಲಿಟ್ಟು ವಾಪಸು ಕೊಟ್ಟೆ. "ಚೆನ್ನಾಗಿತ್ತು ಸಾರ್" ಎಂದೆ.

ಈ ‘ಚೆನ್ನಾಗಿತ್ತು’ ಎಂಬುದನ್ನು ಕಂಡುಹಿಡಿದವನು ಕೈಗೆ ಸಿಕ್ಕರೆ ನಾಲ್ಕು ಬಿಗಿಯಬೇಕು. ಉಂಡದ್ದು ರುಚಿಸದಿದ್ದರೂ ಚೆನ್ನಾಗಿತ್ತು, ಉಣ್ಣದೇ ಇದ್ದರೂ ಚೆನ್ನಾಗಿತ್ತು. ನಾವು ಅದನ್ನು ಮರ್ಯಾದೆ ಎಂದು ಕರೆದುಕೊಳ್ಳುತ್ತೇವೆ.

ದೀಪಾವಳಿಯ ಮಾರನೆಯ ದಿನ ಜೀವರತ್ನ ನಮ್ಮ ಮನೆಗೆ ಊಟಕ್ಕೆ ಬಂದರು. ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿತ್ತು. ಗ್ರೈಂಡರ್ ನಿಂತದ್ದರಿಂದ ಅಮ್ಮ ಹಿತ್ತಲಿನ ಹಳೆಯ ಒರಳಿನಲ್ಲಿ ರುಬ್ಬುತ್ತಾ ಕೂತಿದ್ದಳು, ರುಬ್ಬುತ್ತಾ ಹಾಡುತ್ತಿದ್ದಳು. ನಮ್ಮ ಊರು ಗ್ರೈಂಡರಿಗೆ ಹೆಸರುವಾಸಿ. ಅದು ಮನೆಗೆ ಬಂದ ದಿನ ನಾವೆಲ್ಲ ಆರತಿ ಎತ್ತಿದ್ದೆವು. ಅದರ ಗರಗರದಲ್ಲಿ ಅಮ್ಮನ ಹಾಡು ನಿಂತುಹೋದದ್ದನ್ನು ಮಾತ್ರ ಯಾರೂ ಗಮನಿಸಿರಲಿಲ್ಲ. ಅಜ್ಜಿಯಿಂದ ಅಮ್ಮನಿಗೆ ಬಂದ, ಯಾವ ಪುಸ್ತಕದಲ್ಲೂ ಇಲ್ಲದ ಮೂರು ಸಾಲಿನ ಹಾಡು ಅದು.

*ಅಕ್ಕಿ ತೊಳೆದ ನೀರು ಬಸಳೆಯ ಬುಡಕವ್ವ*
*ಉಕ್ಕುವ ಮಾತು ಯಾರೀಗೆ...*

ಜೀವರತ್ನ ತಟ್ಟೆಯ ಮುಂದೆ ಕೂತವರು ಎದ್ದು ಹಿತ್ತಲಿಗೆ ಹೋದರು. ಮುಂದಿನ ಭಾನುವಾರ ಟೇಪ್ ರೆಕಾರ್ಡರ್ ಹಿಡಿದು ಮತ್ತೆ ಬಂದರು. ಅಮ್ಮ ನಾಚಿಕೆಯಿಂದ ಸೆರಗು ಬಾಯಿಗಿಟ್ಟುಕೊಂಡು, "ಅಯ್ಯೋ, ನನ್ನ ಪಾಟು ಯಾರಿಗೆ ಬೇಕು ಸಾರ್" ಎನ್ನುತ್ತಲೇ ಮೂರು ಸಲ ಹಾಡಿದಳು. ಒರಳಿನ ಸದ್ದೂ ಬೇಕೆಂದು ಅವರು ಖಾಲಿ ಒರಳಿನಲ್ಲೇ ಗುಂಡು ತಿರುಗಿಸಿದರು. "ಕ್ಲೀನ್ ಮಾಡಿ ಕೊಡ್ತೀನಿ ಅಮ್ಮ, ನಿಮ್ಮ ದನಿ ನೀವೇ ಕೇಳ್ಬೇಕು" ಎಂದು ಹೇಳಿ ಕ್ಯಾಸೆಟ್ ಜೇಬಿಗೆ ಹಾಕಿಕೊಂಡು ಹೋದರು. ಅಮ್ಮ ತನ್ನ ದನಿಯನ್ನು ಹೊರಗಿನಿಂದ ಅದುವರೆಗೆ ಕೇಳಿಯೇ ಇರಲಿಲ್ಲ.

ಕ್ರಿಸ್‌ಮಸ್ ಬಂತು. ಆಫೀಸಿನಲ್ಲಿ ಮಧ್ಯಾಹ್ನ ಕೇಕು ಹಂಚಿದ ಮೇಲೆ ಜೀವರತ್ನ ಎಲ್ಲರಿಗೂ ಒಂದೊಂದು ಸೀಡಿ ಕೊಟ್ಟರು. ಬಂಗಾರದ ಕಾಗದ, ಮೇಲೊಂದು ನಕ್ಷತ್ರ. ಪಕ್ಕದ ಮೇಜಿನವರು ಬಿಚ್ಚಿ ನೋಡಿ, ಅವರ ಚರ್ಚಿನ ಹಾಡುಗಳು ಎಂದರು. ನನ್ನದನ್ನು ಬಿಚ್ಚಿದರೆ ಸೀಡಿಯ ಮೇಲೆಯೇ ಕಪ್ಪು ಶಾಯಿಯಲ್ಲಿ ಕನ್ನಡದಲ್ಲಿ ಏನೋ ಬರೆದಿತ್ತು. ನಾನು ಕನ್ನಡದವಳಲ್ಲವೇ, ಅದಕ್ಕೆ ಶುಭಾಶಯ ಕನ್ನಡದಲ್ಲಿ ಬರೆದಿದ್ದಾರೆ ಎಂದುಕೊಂಡೆ. ಮನೆಯಲ್ಲಿ ಸೀಡಿ ಹಾಕುವ ಯಂತ್ರವಿರಲಿಲ್ಲ. ಮೂರನೆಯ ಮನೆಯಲ್ಲಿ ಕಂಪ್ಯೂಟರ್ ಇತ್ತು, ಕೇಳಿದ್ದರೆ ಬೇಡ ಎನ್ನುತ್ತಿರಲಿಲ್ಲ. ನಾನು ಕೇಳಲಿಲ್ಲ.

ಹೊಸ ವರ್ಷ ಕಳೆದು ಜೀವರತ್ನ ನನ್ನ ಮೇಜಿನ ಹತ್ತಿರ ಬಂದು ನಿಂತರು. ಪರೀಕ್ಷೆಯ ಫಲಿತಾಂಶ ಕೇಳುವವರ ಮುಖ. "ಕೇಳಿದ್ರಾ ಮೇಡಂ?"

"ಕೇಳ್ದೆ ಸಾರ್. ರೊಂಬ ಚೆನ್ನಾಗಿತ್ತು."

"ಅಮ್ಮ ಏನಂದ್ರು?"

ಅಷ್ಟಕ್ಕೇ ಬಿಟ್ಟೆನೇ? "ಅಮ್ಮನಿಗೆ ಕಣ್ಣಲ್ಲಿ ನೀರೇ ಬಂತು ಸಾರ್" ಎಂದೆ. ಚರ್ಚಿನ ಹಾಡಿಗೆ ನಮ್ಮಮ್ಮ ಯಾಕೆ ಕಣ್ಣೀರು ಹಾಕಬೇಕು ಎಂದು ಕೂಡ ಯೋಚಿಸಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಹೋದರು. ಎಂಥ ಭಾವುಕ ಮನುಷ್ಯ ಎಂದು ಒಳಗೊಳಗೇ ನಕ್ಕೆ.

ಇತ್ತ ಮನೆಯಲ್ಲಿ ಅಮ್ಮ ಕಾಯುತ್ತಿದ್ದಳು. "ಏನ್ಡೀ, ಆ ಸಾರ್ ನನ್ನ ಪಾಟು ಕ್ಯಾಸೆಟ್ಟಲ್ಲಿ ಹಿಡ್ಕೊಂಡ್ ಹೋದ್ರಲ್ಲ, ಕೊಂಚ ಕೇಳ್ಡೀ." ಕೇಳುತ್ತೇನೆ ಎಂದೆ. ಹತ್ತು ದಿನ ಬಿಟ್ಟು ಮತ್ತೆ ಅದೇ ಪ್ರಶ್ನೆ. ನನಗೆ ಜೀವರತ್ನರ ಮೇಲೆ ಉರಿದುಹೋಯಿತು. ಮುದುಕಿಯ ಆಸೆಗೆ ನೀರೆರೆದು ಮರೆತುಬಿಟ್ಟರಲ್ಲ! "ಸುಮ್ನೆ ಇರಮ್ಮ, ಅವ್ರಿಗೆ ನಿನ್ನ ಪಾಟೇ ಒಂದು ವೇಲೆಯಾ, ಬೇರೆ ಕೆಲಸ ಇಲ್ವಾ?" ಎಂದು ರೇಗಿದೆ. ಅವರನ್ನು ಕೇಳುವುದಕ್ಕೆ ಮಾತ್ರ ಬಿಗುಮಾನ. ಅವರು ಕೆಲಸ ಬಿಟ್ಟು ಮೈಸೂರಿಗೆ ಹೊರಟಾಗ, ಅಮ್ಮನಿಗೆ ಹೇಳಿ ಹೋಗುತ್ತೇನೆ ಎಂದರು. ಚರ್ಚಿನ ಹಾಡಿನ ಮಾತೆತ್ತಿದರೆ ನನ್ನ ಸುಳ್ಳು ಬಯಲಾದೀತು. "ಅಮ್ಮ ವೆಳ್ಳಕೋಯಿಲಿಗೆ ಅಕ್ಕನ ಮನೆಗೆ ಹೋಗಿದಾರೆ ಸಾರ್" ಎಂದೆ. ಅಮ್ಮ ಆಗ ಮನೆಯಲ್ಲಿ ಸಂಡಿಗೆ ಒಣಹಾಕುತ್ತಿದ್ದಳು.

ಆ ಸಂಡಿಗೆಗೇ ಪಾರಿವಾಳಗಳು ಮುತ್ತಿದವು. ಅಮ್ಮ ಕಪಾಟಿನಲ್ಲಿದ್ದ ಸೀಡಿ ಹಿಡಿದುಕೊಂಡು ಬಂದಳು. "ಇದು ಬೇಕಾಡೀ?"

"ಬೇಡ, ಕಟ್ಕೋ."

ಅಮ್ಮ ಹೂವಿನ ದಾರ ಪೋಣಿಸಿ, ಸ್ಟೂಲು ಹತ್ತಿ, ತನ್ನ ಕೈಯಾರೆ ಕಟ್ಟಿದಳು. ನಾನು ಸ್ಟೂಲು ಹಿಡಿದುಕೊಂಡಿದ್ದೆ.

ಮೂರು ವರ್ಷಕ್ಕೆ ಅಮ್ಮ ತೀರಿಕೊಂಡಳು. ಕೊನೆಯ ದಿನಗಳಲ್ಲೂ ಒಂದು ಸಲ ಜೀವರತ್ನರನ್ನು ನೆನೆಸಿಕೊಂಡಿದ್ದಳು. ನನಗೇ ಹಾಡು ಎಂದು ನಾನು ಅವಳನ್ನು ಕೇಳಬಹುದಿತ್ತು. ಮನೆಯಲ್ಲೇ ಇರುವ ತಾಯಿಯನ್ನು ಹಾಡು ಎಂದು ಯಾರು ಕೇಳುತ್ತಾರೆ ಹೇಳಿ. ಅವಳು ಹೋದ ಮೇಲೆ ಮನೆಯಲ್ಲಿ ಕನ್ನಡ ಮಾತಾಡಲು ಯಾರೂ ಉಳಿಯಲಿಲ್ಲ. ಊರಿನಲ್ಲಿ ಹೊಸದಾಗಿ ಬಂದ ಕನ್ನಡದವರು ಭಾನುವಾರ ಅಕ್ಷರ ಕಲಿಸುತ್ತಾರೆಂದು ಕೇಳಿ ಸೇರಿಕೊಂಡೆ. ನಲವತ್ತೈದರ ಹೆಂಗಸು ಆರು ವರ್ಷದ ಮಕ್ಕಳ ಸಾಲಿನಲ್ಲಿ ಕೂತು ಅ, ಆ ತಿದ್ದುವುದನ್ನು ಕಲ್ಪಿಸಿಕೊಳ್ಳಿ. ಮಕ್ಕಳು ನನಗಿಂತ ಬೇಗ ಕಲಿತವು. ಓದಲು ಬಂದ ಹುರುಪಿನಲ್ಲಿ ಮೈಸೂರಿನ ಬಸ್ಸಿನ ಬೋರ್ಡು, ಊದುಬತ್ತಿಯ ಪೊಟ್ಟಣ, ಏನು ಸಿಕ್ಕಿದರೂ ಓದತೊಡಗಿದೆ.

ಕಳೆದ ವರ್ಷ ಒಂದು ಬೆಳಿಗ್ಗೆ ಬಟ್ಟೆ ಒಣಹಾಕುವಾಗ ಆ ಸೀಡಿ ತಿರುಗಿ ನನ್ನ ಮುಖದೆದುರು ನಿಂತಿತು. ಶಾಯಿ ಮಾಸಿತ್ತು. ಬೆರಳಿಟ್ಟು, ಮಕ್ಕಳ ಹಾಗೆ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದೆ. ‘ಅಮ್ಮನ ಹಾಡು. ಕ್ರಿಸ್‌ಮಸ್ ಉಡುಗೊರೆ, ಅಮ್ಮನಿಗೇ.’

ಕಂಪ್ಯೂಟರ್ ಅಂಗಡಿಗೆ ಓಡಿದೆ. ಬಿಸಿಲು ಮಳೆಗೆ ಅದರ ಬೆಳ್ಳಿ ಪೊರೆ ಎದ್ದುಹೋಗಿ ಆಚೆಯ ಬೀದಿ ಕಾಣುತ್ತಿತ್ತು. ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟ.

ಆಫೀಸಿನ ಹಳೆಯ ಡೈರಿಯಿಂದ ನಂಬರ್ ಹುಡುಕಿ ಮೈಸೂರಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಅವರು ಕ್ಷಮಿಸುತ್ತಾರೆ, ಹೋಗಲಿ ಬಿಡಿ ಮೇಡಂ ಎನ್ನುತ್ತಾರೆ ಎಂದು ಎಣಿಸಿದ್ದೆ.

"ಅಮ್ಮನಿಗೆ ಕಣ್ಣೀರು ಬಂತು ಅಂದ್ರಲ್ಲ ಮೇಡಂ?" ಎಂದರು. "ಅದನ್ನ ನಮ್ಮ ಚರ್ಚಿನಲ್ಲಿ ಎಷ್ಟು ಜನಕ್ಕೆ ಹೇಳಿದೀನಿ ಗೊತ್ತಾ? ನನ್ನ ಮಕ್ಕಳಿಗೆ ಹೇಳಿದೀನಿ!" ಆ ಮೆತ್ತನೆಯ ಮನುಷ್ಯ ಕೂಗುವುದನ್ನು ನಾನು ಅಂದೇ ಕೇಳಿದ್ದು. "ಒಂದು ತಿಂಗಳು ಕೂತು ಮಾಡಿದ್ದು ಅದು. ನೀವು ಪಾರಿವಾಳಕ್ಕೆ ಕಟ್ಟಿದ್ರಾ?"

"ಆ ಕ್ಯಾಸೆಟ್ ಇದೆಯಾ ಸಾರ್?"

"ಅದರ ಮೇಲೆ ನಮ್ಮ ತಂಡದ ಹಾಡು ತುಂಬಿಸಿಬಿಟ್ಟೆ. ನಿಮಗೆ ಕೊಟ್ಟಾಗಿತ್ತಲ್ಲ!"

ನನಗೆ ಹಾಡಿನ ಎರಡು ಸಾಲು ಮಾತ್ರ ಗೊತ್ತಿದೆ. ಉಕ್ಕುವ ಮಾತು ಯಾರಿಗೆ ಎಂದು ಎರಡನೆಯ ಸಾಲು ಕೇಳುತ್ತದೆ. ಉತ್ತರ ಮೂರನೆಯದರಲ್ಲಿತ್ತು. ಎಷ್ಟು ತಲೆ ಚಚ್ಚಿಕೊಂಡರೂ ಅದು ಬರುವುದಿಲ್ಲ. ಒಂದು ತಿಂಗಳು ಕೇಳಿದವರಿಗೆ ನೆನಪಿರಬೇಕಲ್ಲ ಎಂದು, ನಾಚಿಕೆ ಬಿಟ್ಟು ಅದನ್ನೂ ಕೇಳಿದೆ.

"ನೆನಪಿದೆ" ಎಂದರು. "ಹೇಳಲ್ಲ." ಫೋನ್ ಇಟ್ಟರು.

ಮೊದಮೊದಲು ಅವರ ಮೇಲೆ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ನನಗೆ ಸಿಕ್ಕಿದ ಮಾತುಗಳಲ್ಲಿ ಮರ್ಯಾದೆಗೆಂದು ಹೇಳದ ಮಾತು ಅದೊಂದೇ.

ನಿನ್ನೆ ಸಂಜೆ ಎದುರು ಮನೆಯ ಹುಡುಗಿ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಅದೇ ಸೀಡಿ, ದಾರವಿನ್ನೂ ಬಿಚ್ಚಿರಲಿಲ್ಲ. "ಅವತ್ತು ಕೇಳಿರಲಿಲ್ಲ ಆಂಟಿ, ಈಗ ಹಾಕಿ ನೋಡಿದೆ. ಹಾಡಲ್ಲ, ಪ್ರಿಂಟರಿನ ಜೊತೆ ಬಂದದ್ದು" ಎಂದಳು. "ಹಾಗಾದ್ರೆ ಕಟ್ಕೋ" ಎಂದೆ. ಒಳಗೆ ಕರೆದು ಕಾಫಿ ಕೊಟ್ಟೆ. ಮೈಸೂರಿಗೆ ಬಸ್ಸು ಎಷ್ಟು ಹೊತ್ತಿಗಿದೆ ಎಂದು ವಿಚಾರಿಸಿಕೊಂಡೆ.

ಕ್ರಿಸ್‌ಮಸ್ಸಿಗೆ ಹೋಗುತ್ತಿದ್ದೇನೆ. ಜೀವರತ್ನರ ಬಾಗಿಲಲ್ಲಿ ನಿಂತು, ಬರುವಷ್ಟು ರಾಗದಲ್ಲಿ, ನನಗೆ ಗೊತ್ತಿರುವ ಎರಡು ಸಾಲು ಹಾಡುತ್ತೇನೆ. ಕೊಡುವುದಕ್ಕೆ ನನ್ನ ಹತ್ತಿರ ಉಳಿದಿರುವುದು ಅಷ್ಟೇ. ಚೆನ್ನಾಗಿತ್ತು ಎಂದು ಮಾತ್ರ ಅವರು ಹೇಳಬಾರದು. ಮೂರನೆಯ ಸಾಲು ಹೇಳಿದರೆ ಹೇಳಲಿ, ಮುಖಕ್ಕೆ ಬಾಗಿಲು ಹಾಕಿದರೆ ಹಾಕಲಿ.